ಚಿನ್ನ ಮುಗಿದ ಮೇಲೂ ಉಳಿದ ಹುಲ್ಲು

ಹನುಮನಹಳ್ಳಿಯ ಬಂಡೆಬೆಟ್ಟದ ಕೆಳಗೆ ನಿಲ್ಲಿ. ಸೂರ್ಯ ಮುಳುಗಿ ಸ್ವಲ್ಪ ಹೊತ್ತಾಗಿದೆ. ಕಾರ್ತಿಕ ಮಾಸ. ಹಗಲೆಲ್ಲ ಕಾದ ಕಲ್ಲು ಇನ್ನೂ ಬೆಚ್ಚಗಿದೆ, ಗಾಳಿ ಮಾತ್ರ ಆಗಲೇ ತಣ್ಣಗಾಗಿದೆ. ಟಾರ್ಚ್ ಆರಿಸಿಬಿಡಿ. ಗುಹೆಯ ಬಾಯಿಯವರೆಗೆ ಹೋಗುವುದು ಬೇಡ, ಇಷ್ಟು ದೂರದಿಂದಲೇ ಸಾಕು. ದನಗಳು ಹಟ್ಟಿ ಸೇರಿವೆ. ಊರಿನ ಕಡೆಯಿಂದ ಯಾರೋ ಮಗುವನ್ನು ಕೂಗಿ ಕರೆಯುತ್ತಿರುವುದು ಕೇಳಿಸುತ್ತದೆ. ಪಶ್ಚಿಮದಲ್ಲಿ ಉಳಿದ ಕೆಂಪು ಬೆಳಕಿಗೆ ಎದುರಾಗಿ ಬಂಡೆಯ ಅಂಚನ್ನೇ ನೋಡುತ್ತಾ ಇರಿ.

ಮೊದಲು ಒಂದು. ಕಲ್ಲಿನ ಬಿರುಕಿನಿಂದ ಚಿಮ್ಮಿ, ನೆಲಕ್ಕೆ ತಗಲುವ ಹಾಗೆ ಕೆಳಕ್ಕಿಳಿದು, ಪೊದೆಗಳ ಮೇಲೆ ತೇಲಿ ಮಾಯವಾಗುತ್ತದೆ. ಆಮೇಲೆ ಎರಡು, ಮೂರು. ಹಾರಿದ್ದು ಕಾಣಿಸಿತೋ ಇಲ್ಲವೋ ಎನ್ನುವಷ್ಟು ಬೇಗ. ಅವು ಕೂಗುತ್ತಲೇ ಹಾರುತ್ತಿವೆ, ಆದರೆ ಆ ಕೂಗು ನಮ್ಮ ಕಿವಿಗೆ ನಿಲುಕುವುದಿಲ್ಲ. ತಮ್ಮ ದನಿ ಎದುರಿನ ಹುಳಕ್ಕೆ ತಾಗಿ ಮರಳುವುದನ್ನು ಕೇಳಿಸಿಕೊಂಡೇ ಅವು ಕತ್ತಲಲ್ಲಿ ಬೇಟೆಯಾಡುತ್ತವೆ. ಮೂಗಿನ ಮೇಲೆ ಎಲೆಯಂಥ ಚರ್ಮದ ಮಡಿಕೆ ಇರುವುದರಿಂದ ಇವುಗಳಿಗೆ ಎಲೆಮೂಗಿನ ಬಾವಲಿ ಎಂದು ಹೆಸರು.

ಈ ಬೆಟ್ಟದ ಗುಹೆಯಲ್ಲಿ ಹಲವು ಜಾತಿಯ ಬಾವಲಿಗಳು ಒಟ್ಟಿಗೆ ನೇತಾಡುತ್ತವೆ. ಅವುಗಳಲ್ಲಿ ಒಂದಕ್ಕೆ ಮಾತ್ರ ಇಡೀ ಪ್ರಪಂಚದಲ್ಲಿ ಇನ್ನೊಂದು ಮನೆಯಿಲ್ಲ. ಕಾಕ್ ಮತ್ತು ಭಟ್ ಎಂಬ ವಿಜ್ಞಾನಿಗಳು 1994ರಲ್ಲಿ ಹೊಸ ಪ್ರಭೇದವೆಂದು ವಿವರಿಸಿದ ಕೋಲಾರದ ಎಲೆಮೂಗಿನ ಬಾವಲಿ ಅದು. ಹಿಂದೆ ತೇರಹಳ್ಳಿ ಬೆಟ್ಟದ ಗುಹೆಯಲ್ಲೂ ಇತ್ತು, ಅಲ್ಲಿಂದ ಕಣ್ಮರೆಯಾಯಿತು. ಈಗ ಈ ಒಂದೇ ಗುಹೆ, ಇನ್ನೂರಕ್ಕೂ ಕಡಿಮೆ ಜೀವಗಳು. ಅಳಿವಿನ ಅತ್ಯಂತ ತೀವ್ರ ಅಪಾಯದಲ್ಲಿರುವ ಪ್ರಾಣಿಗಳ ಜಾಗತಿಕ ಪಟ್ಟಿಯಲ್ಲಿ ಇದರ ಹೆಸರಿದೆ.

ಈಗ ತಿರುಗಿ ಸುತ್ತಲಿನ ಬೆಟ್ಟಗಳ ಕಡೆ ನೋಡಿ. ಕೋಲಾರ ಸೀಮೆಯ ಕಲ್ಲು ಒಳ್ಳೆಯ ಕಲ್ಲು. ಬೆಂಗಳೂರಿನ ಮನೆ, ರಸ್ತೆ, ಮೇಲ್ಸೇತುವೆಗಳಿಗೆಲ್ಲ ಚಪ್ಪಡಿ, ಜಲ್ಲಿ, ಎಂ ಸ್ಯಾಂಡ್ ಬೇಕೇ ಬೇಕು. ಬೆಂಕಿ ಹಾಕಿ ಬಂಡೆ ಎಬ್ಬಿಸುವುದು, ಉಳಿಯಿಂದ ಸೀಳುವುದು ಇಲ್ಲಿನ ಎಷ್ಟೋ ಮನೆಗಳಿಗೆ ತಲೆಮಾರಿನ ಕಸುಬು. ಅನುಮತಿಯಿಲ್ಲದೆ ನಡೆದ ಕಲ್ಲುಗಣಿಗಾರಿಕೆ ಈ ಗುಹೆಯ ಪಕ್ಕದವರೆಗೂ ಬಂದಿತ್ತು. ಒಂದು ದೊಡ್ಡ ಸಿಡಿತ, ಒಂದು ಬೇಸಿಗೆಯ ಹೊಗೆ ಸಾಕಿತ್ತು, ಪ್ರಭೇದವೇ ಮುಗಿದುಹೋಗಲು. ಅದನ್ನು ತಡೆದದ್ದು ಸರ್ಕಾರದ ಒಂದು ಅಧಿಸೂಚನೆ. ಗುಹೆಯ ಸುತ್ತಲಿನ ಮೂವತ್ತು ಎಕರೆಗೆ ಈಗ ರಕ್ಷಣೆಯಿದೆ. ಒಂದು ದೊಡ್ಡ ರೈತರ ಜಮೀನಿನಷ್ಟು ಜಾಗ. ಅದರಾಚೆ ಹೊಲ, ಮನೆ, ಬಂಡೆ ಕೆಲಸ ಎಲ್ಲವೂ ನಡೆದೇ ಇವೆ. ಯಾರನ್ನೂ ಒಕ್ಕಲೆಬ್ಬಿಸದೆ ಒಂದು ಜೀವಜಾತಿಯನ್ನು ಭೂಮಿಯ ಮೇಲೆ ಉಳಿಸಿಕೊಳ್ಳಲು ಮೂವತ್ತು ಎಕರೆ ಸಾಕಾಯಿತು.

ಹೊರಡಿ. ರಾತ್ರಿ ನಾವು ಇನ್ನೊಂದು ಕಡೆ ಇರಬೇಕು.

*

ಬಂಗಾರಪೇಟೆ ದಾಟಿ ಕಾಮಸಮುದ್ರದ ದಾರಿ ಹಿಡಿದರೆ ಊರುಗಳು ವಿರಳವಾಗುತ್ತವೆ, ಗುಡ್ಡಗಳು ಹತ್ತಿರವಾಗುತ್ತವೆ. ಇಲ್ಲಿಂದ ಮುಂದೆ ಕರ್ನಾಟಕ, ಆಂಧ್ರ, ತಮಿಳುನಾಡು ಒಂದನ್ನೊಂದು ಮುಟ್ಟುತ್ತವೆ. ರಾತ್ರಿ ಹತ್ತರ ಹೊತ್ತಿಗೆ ಕಾಡಂಚಿನ ರಾಗಿ ಹೊಲವೊಂದರ ಬದುವಿನಲ್ಲಿ ಕೂತಿದ್ದೀರಿ. ಪಕ್ಕದಲ್ಲಿ ಹೊಲದ ಯಜಮಾನ, ಆತನ ಹೆಂಡತಿ, ಅರಣ್ಯ ಇಲಾಖೆಯ ಒಬ್ಬ ವಾಚರ್. ನಡುವೆ ಕೆಂಡವಾಗುತ್ತಿರುವ ಬೆಂಕಿ. ಒಂದು ಖಾಲಿ ತಗಡಿನ ಡಬ್ಬ, ಪಟಾಕಿಯ ಪೊಟ್ಟಣ, ದೊಡ್ಡ ಟಾರ್ಚು. ತೆನೆ ಬಲಿತ ರಾಗಿಯ ಒಣವಾಸನೆ ಇಬ್ಬನಿಗೆ ಇನ್ನಷ್ಟು ಗಾಢವಾಗಿದೆ. ದೂರದಲ್ಲಿ ಚೆನ್ನೈ ಕಡೆಯ ಎಕ್ಸ್‌ಪ್ರೆಸ್ ರೈಲೊಂದು ಕಾಮಸಮುದ್ರ ನಿಲ್ದಾಣವನ್ನು ನಿಲ್ಲದೆ ದಾಟಿ ಹೋಗುತ್ತದೆ.

ವಾಚರ್ ಮೊಬೈಲಿನ ಪರದೆ ಹೊತ್ತಿಕೊಳ್ಳುತ್ತದೆ. ಊರವರ ವಾಟ್ಸ್ಯಾಪ್ ಗುಂಪಿನಲ್ಲಿ ಸುದ್ದಿ.

“ಆ ಕಡೆ ಗುಡ್ಡ ಇಳಿದವಂತೆ, ಅಣ್ಣ.”

“ಎಷ್ಟು?”

“ಕತ್ತಲಲ್ಲಿ ಎಣಿಸೋಕಾಯ್ತದಾ? ಮರಿ ಐತೆ ಅಂತವ್ರೆ.”

ಕಾಯಿರಿ. ಮೊದಲು ಕೇಳಿಸುವುದು ಕೊಂಬೆ ಮುರಿದ ಸದ್ದು. ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಆನೆ ಬರುವಾಗ ಸದ್ದಾಗುತ್ತದೆ ಎಂದುಕೊಂಡಿದ್ದರೆ ಅದು ತಪ್ಪು ತಿಳಿವಳಿಕೆ, ನೆಲ ನಡುಗುವುದೂ ಇಲ್ಲ. ಕೇಳಿಸುವುದು ರಾಗಿಯ ಬುಡ ಕಿತ್ತ ಸದ್ದು, ಅದನ್ನು ಕಾಲಿಗೆ ಬಡಿದು ಮಣ್ಣು ಉದುರಿಸುವ ಸದ್ದು. ಪಟ್, ಪಟ್. ಮತ್ತೆ ಕಿತ್ತ ಸದ್ದು. ಆಮೇಲೆ ಗಾಳಿ ತಿರುಗಿ ವಾಸನೆ ಬರುತ್ತದೆ. ವಾಚರ್ ಟಾರ್ಚ್ ಹೊತ್ತಿಸಿದಾಗ ಬೆಳಕಿನ ತುದಿಯಲ್ಲಿ ಬೂದುಬಣ್ಣದ ಗೋಡೆಯೊಂದು, ಅದರ ಕೆಳಗೆ ಅದರದೇ ಪುಟ್ಟ ರೂಪ. ಡಬ್ಬ ಬಡಿಯುತ್ತಾರೆ, ಕೂಗುತ್ತಾರೆ, ಪಟಾಕಿ ಸಿಡಿಯುತ್ತದೆ. ಗೋಡೆ ನಿಧಾನವಾಗಿ ತಿರುಗುತ್ತದೆ. ಹೋಗುವ ದಾರಿಯಲ್ಲಿ ಪಕ್ಕದ ಟೊಮೆಟೊ ತೋಟದ ಡ್ರಿಪ್ ಪೈಪುಗಳು ತುಳಿದು ಚಪ್ಪಟೆಯಾಗುತ್ತವೆ.

ಈ ಆನೆಗಳು ಇಲ್ಲಿಗೆ ಬಂದದ್ದು ಈಚೆಗೆ. 1980ರ ದಶಕದಲ್ಲಿ ಹೊಸೂರಿನ ಕಡೆಯ ಕಾಡುಗಳಿಂದ ಹಿಂಡುಗಳು ಪೂರ್ವಕ್ಕೆ ಹೊರಟವು. ಆ ಕಡೆ ಕಾಡು ಚೂರುಚೂರಾಗಿತ್ತು, ಮೇವು ನೀರಿಗೆ ತತ್ವಾರವಾಗಿತ್ತು. ನಡೆದೂ ನಡೆದೂ ಅವು ಚಿತ್ತೂರು ಜಿಲ್ಲೆಯ ಕುಪ್ಪಂ, ಪಲಮನೇರಿನ ಗುಡ್ಡಗಾಡು ಸೇರಿದವು. ಬಹುಕಾಲದಿಂದ ಆನೆಯನ್ನೇ ಕಾಣದ ನಾಡು ಅದು. ಆಂಧ್ರಪ್ರದೇಶ 1990ರಲ್ಲಿ ಅಲ್ಲಿ ಸುಮಾರು 357 ಚದರ ಕಿಲೋಮೀಟರಿನ ಕೌಂಡಿನ್ಯ ವನ್ಯಜೀವಿಧಾಮವನ್ನು ಘೋಷಿಸಿತು. ಆನೆಗೆ ರಾಜ್ಯದ ಗಡಿ ಗೊತ್ತಿಲ್ಲ. ಗಡಿಯ ಈಚೆ ಇರುವ ನಮ್ಮ ಕಾಡೂ ಅದಕ್ಕೆ ಅದೇ ಕಾಡು. ನಮ್ಮ ಕಡೆ ರಕ್ಷಣೆ ಬರಲು ಇನ್ನೂ ಕೆಲವು ದಶಕಗಳು ಬೇಕಾದವು. ಬಂಗಾರಪೇಟೆ ತಾಲ್ಲೂಕಿನ ಕಮ್ಮಸಂದ್ರ ವನ್ಯಜೀವಿಧಾಮ ರೂಪುಗೊಂಡದ್ದು ಕಳೆದ ದಶಕದ ಕೊನೆಯ ಹೊತ್ತಿಗೆ. ವಿಸ್ತೀರ್ಣ ಸುಮಾರು 78 ಚದರ ಕಿಲೋಮೀಟರ್.

ಆನೆಗಳು ದೂರವಾದ ಮೇಲೆ ಹೊಲದ ಯಜಮಾನಿ ಬೆಂಕಿಗೆ ಇನ್ನೊಂದು ಸೌದೆ ಇಡುತ್ತಾರೆ. ಅವರ ಮಾತನ್ನು ಪೂರ್ತಿ ಕೇಳಿಸಿಕೊಳ್ಳಿ.

“ಕಾಡು ಬ್ಯಾಡ ಅನ್ನಲ್ಲಪ್ಪ. ನಮ್ ಕೆರೆಗೆ ನೀರು ಬರೋದೇ ಆ ಗುಡ್ಡದಿಂದ. ನಮ್ಮತ್ತೆ ಕಾಲದಲ್ಲಿ ಬಾವಿಗೆ ಬಿಂದಿಗೆ ಇಳಿಸಿದ್ರೆ ನೀರು ಸಿಕ್ತಿತ್ತು. ಈಗ ಬೋರು ಸಾವಿರ ಅಡಿ ಹೋದ್ರೂ ಧೂಳು. ಆ ಗುಡ್ಡಾನೂ ಬೋಳಾದ್ರೆ ನಾವು ಊರು ಬಿಡಬೇಕಾಯ್ತದೆ. ಆದ್ರೆ ವರ್ಷದ ರಾಗಿ ಒಂದು ರಾತ್ರಿಗೆ ಹೋದ್ರೆ ಮಕ್ಕಳಿಗೆ ಏನ್ ಇಕ್ಕಾನ? ಅದನ್ನೂ ನೋಡ್ಬೇಕಲ್ಲ ಸರ್ಕಾರ.”

ಸಂರಕ್ಷಿತ ಪ್ರದೇಶದ ಬಗ್ಗೆ ತಜ್ಞರ ವರದಿಗಳು ಹೇಳುವುದೆಲ್ಲ ಈ ಮಾತಿನೊಳಗೆ ಇದೆ. ಕೋಲಾರ ಜಿಲ್ಲೆಗೆ ವರ್ಷವಿಡೀ ಹರಿಯುವ ನದಿಯಿಲ್ಲ. ಮಳೆ ಬಿದ್ದಾಗ ಅದನ್ನು ಹಿಡಿದು ನೆಲಕ್ಕೆ ಇಳಿಸುವ ಕುರುಚಲು ಕಾಡಿನ ಗುಡ್ಡಗಳು, ಗುಡ್ಡದ ಕೆಳಗೆ ಸಾಲು ಕೆರೆಗಳು, ಇವೇ ಈ ಸೀಮೆಯ ನದಿ. ಆ ಗುಡ್ಡಗಳನ್ನು ಮತ್ತು ಗೋಮಾಳಗಳನ್ನು ನಾವು ಬಹಳ ಕಾಲ ಉಪಯೋಗಕ್ಕೆ ಬಾರದ ಜಾಗವೆಂದೇ ನೋಡಿದೆವು. ಹುಲ್ಲು, ಕಾರೆ, ಕವಳೆ, ಬಂದರೆಯ ಪೊದೆಗಳಿದ್ದ ಕಡೆ ಎಕರೆಗಟ್ಟಲೆ ನೀಲಗಿರಿ ನೆಟ್ಟೆವು. ಹೊಸದಾಗಿ ನೀಲಗಿರಿ ನೆಡಬಾರದೆಂದು ಸರ್ಕಾರ ಹೇಳಿದ್ದು 2017ರಲ್ಲಿ, ಅಂತರ್ಜಲ ಪಾತಾಳ ಸೇರಿದ ಮೇಲೆ. 2018ರಿಂದ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರನ್ನು ಕೆ.ಸಿ. ವ್ಯಾಲಿ ಯೋಜನೆಯ ಪೈಪಿನಲ್ಲಿ ಕೋಲಾರದ ಕೆರೆಗಳಿಗೆ ತರಲಾಗುತ್ತಿದೆ. ಕಾಡು ಬಿಟ್ಟಿಯಾಗಿ ಮಾಡುತ್ತಿದ್ದ ಕೆಲಸಕ್ಕೆ ನಾವು ಈಗ ಪೈಪು, ಪಂಪು, ಕೋಟಿಗಟ್ಟಲೆ ಹಣ ಸುರಿಯುತ್ತಿದ್ದೇವೆ.

ಹಾಗೆಂದು ಕಾಡಿನ ಬೆಲೆಯನ್ನೆಲ್ಲ ಕಾಡಂಚಿನ ಈ ಮನೆಯೊಂದೇ ತೆರಬೇಕೆ? ಬೆಳೆ ಪರಿಹಾರ ವಿಳಂಬವಿಲ್ಲದೆ ಕೈಸೇರಬೇಕು. ಸೋಲಾರ್ ಬೇಲಿ ಕಟ್ಟಿದ ಮೇಲೆ ಅದನ್ನು ಸುಸ್ಥಿತಿಯಲ್ಲಿಡಲು ಆಳುಗಳಿರಬೇಕು. ಬೇಸಿಗೆಯಲ್ಲೂ ಕಾಡಿನೊಳಗಿನ ಹೊಂಡಗಳಲ್ಲಿ ನೀರಿರಬೇಕು. ವನ್ಯಜೀವಿಧಾಮ ಎಂಬ ಹೆಸರಿಗೆ ಅರ್ಥ ಬರುವುದು ಇವೆಲ್ಲ ನಡೆದಾಗ. ಇಲ್ಲದಿದ್ದರೆ ಗಡಿರೇಖೆ ನಕ್ಷೆಯಲ್ಲಷ್ಟೇ ಉಳಿಯುತ್ತದೆ, ನೆಲದ ಮೇಲೆ ಆನೆಯೂ ಮನುಷ್ಯರೂ ಸಾಯುತ್ತಲೇ ಇರುತ್ತಾರೆ.

*

ಬೆಳಗಿನ ಜಾವ ಮಾರಿಕುಪ್ಪಂ. ನಿಲ್ದಾಣದ ಪ್ಲಾಟ್‌ಫಾರಂನಲ್ಲಿ ಕಣ್ಣುಜ್ಜಿಕೊಳ್ಳುತ್ತಾ ಟೀ ಹಿಡಿದು ನಿಂತಿದ್ದೀರಿ. ಬಂಗಾರಪೇಟೆಯಲ್ಲಿ ಕವಲೊಡೆದ ಹಳಿ ಇಲ್ಲಿಗೆ ಬಂದು ಮುಗಿಯುತ್ತದೆ. 1894ರಲ್ಲಿ ಚಿನ್ನದ ಗಣಿಗೆಂದೇ ಹಾಕಿದ ಹಳಿ. ಈಗ ಇದರ ಮೇಲೆ ಸಾಗುವುದು ಜನರ ದುಡಿಮೆ. ಮಫ್ಲರ್ ಸುತ್ತಿದವರು, ಊಟದ ಡಬ್ಬಿಯ ಚೀಲ ತೂಗುಹಾಕಿಕೊಂಡವರು, ಸೆಕ್ಯುರಿಟಿ ಸಮವಸ್ತ್ರದವರು, ಕಾಲೇಜಿನ ಹುಡುಗಿಯರು. ತಮಿಳು, ತೆಲುಗು, ಕನ್ನಡ ಒಂದೇ ವಾಕ್ಯದಲ್ಲಿ ಬೆರೆಯುತ್ತವೆ. ಬೋಗಿಯಲ್ಲಿ ಕರ್ಚೀಫು ಹಾಕಿ ಸೀಟು ಹಿಡಿದಾಗಿದೆ. ಚಾಂಪಿಯನ್, ಉರಿಗಾಂ, ಕೋರಮಂಡಲ್, ಬೆಮೆಲ್ ನಗರ, ಒಂದೊಂದು ನಿಲ್ದಾಣದಲ್ಲೂ ಜನ ಹತ್ತಿ, ಬಂಗಾರಪೇಟೆಗೆ ಬರುವ ಹೊತ್ತಿಗೆ ಕಾಲಿಡಲು ಜಾಗವಿರುವುದಿಲ್ಲ. ಬೆಂಗಳೂರಿಗೆ ಹೋಗಿ ದುಡಿದು, ರಾತ್ರಿ ಇದೇ ಹಳಿಯ ಮೇಲೆ ಮರಳುವ ಸಾವಿರಾರು ಜನ ಇವರು. ಗಣಿಯಿದ್ದಾಗ ಇವರ ಅಪ್ಪ, ತಾತಂದಿರು ಕೆಲಸಕ್ಕೆ ನಡೆದೇ ಹೋಗುತ್ತಿದ್ದರು.

ರೈಲು ಹೊರಟಿತು. ನೀವು ಹತ್ತಬೇಡಿ. ಲೈನ್ ಮನೆಗಳ ಸಾಲು ದಾಟಿ ಊರ ಹೊರಗೆ ನಡೆಯಿರಿ.

ಮೊದಲು ಎದುರಾಗುವುದು ಸೈನೈಡ್ ಗುಡ್ಡ. ಅರೆಬೆಳಕಿನಲ್ಲಿ ಬೂದಿಬಿಳುಪು, ಮೇಲ್ಭಾಗ ಚಪ್ಪಟೆ. ಮೈಯೆಲ್ಲ ಮಳೆನೀರು ಕೊರೆದ ಕೊರಕಲು. ಒಂದು ಹೆಜ್ಜೆ ಇಟ್ಟು ನೋಡಿ. ಮೇಲಿನ ಗಟ್ಟಿ ಪದರ ಹಪ್ಪಳದ ಹಾಗೆ ಮುರಿದು ಒಳಗೆ ಹಿಟ್ಟಿನಂಥ ಪುಡಿ ಕಾಣುತ್ತದೆ. ಅದಿರನ್ನು ಅರೆದು, ಸೈನೈಡ್ ದ್ರಾವಣದಲ್ಲಿ ಚಿನ್ನ ಕರಗಿಸಿ ತೆಗೆದ ಮೇಲೆ ಉಳಿದ ಗಸಿ ಇದು. ಇಂಥ 13 ದಿಬ್ಬಗಳು ಊರಿನ ಉದ್ದಕ್ಕೂ ಇವೆ, ಒಟ್ಟು ಸುಮಾರು 3.3 ಕೋಟಿ ಟನ್. ಗಾಳಿಕಾಲದಲ್ಲಿ ಈ ಪುಡಿ ಮನೆಯೊಳಗಿನ ಪಾತ್ರೆಯ ಮೇಲೆ, ಒಗೆದು ಹಾಕಿದ ಬಟ್ಟೆಯ ಮೇಲೆ, ಮಕ್ಕಳ ಎದೆಯೊಳಗೆ ಇಳಿಯುತ್ತದೆ. ಸುಮಾರು 120 ವರ್ಷ ಇಲ್ಲಿಂದ ಚಿನ್ನ ಹೋಯಿತು, 800 ಟನ್ನಿನಷ್ಟು. ಸುರಂಗ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿಯಿತು. ಅದಕ್ಕಾಗಿ ಶಿವನಸಮುದ್ರದಿಂದ 1902ರಲ್ಲೇ ವಿದ್ಯುತ್ ಬಂತು, ಪಾಲಾರ್ ನೀರು ತುಂಬುವ ಬೇತಮಂಗಲ ಕೆರೆಯಿಂದ ಕೊಳವೆಯಲ್ಲಿ ನೀರು ಬಂತು. 2001ರ ಫೆಬ್ರುವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಮುಚ್ಚಿತು. ಚಿನ್ನ ಎಲ್ಲೆಲ್ಲಿಗೋ ಹೋಯಿತು, ಗಸಿ ಇಲ್ಲಿಯವರ ಪಾಲಿಗೆ ಉಳಿಯಿತು.

ಇನ್ನೂ ಮುಂದೆ ನಡೆಯಿರಿ. ದಿಬ್ಬ ಹಿಂದಾದಂತೆ ನೆಲದ ಬಣ್ಣ ಬದಲಾಗುತ್ತದೆ. ಮೊಣಕಾಲೆತ್ತರ ಹುಲ್ಲು, ಮಳೆಗಾಲದ ಹಸಿರು ಕಳೆದು ಹೊಂಬಣ್ಣಕ್ಕೆ ತಿರುಗುತ್ತಿದೆ. ಅಲ್ಲಲ್ಲಿ ಸೀಮೆಜಾಲಿಯ ಗುಂಪು. ಪ್ಯಾಂಟಿನ ಅಂಚು ಇಬ್ಬನಿಗೆ ತೊಯ್ದಿದೆ. ಟಿಟ್ಟಿಭವೊಂದು ಎದ್ದು ಚೀರುತ್ತದೆ. ಕೆಳಗೆ ನೋಡಿ, ಬೋಳು ನೆಲದ ಒಂದು ವೃತ್ತದಲ್ಲಿ ಕಪ್ಪು ಹಿಕ್ಕೆಗಳ ರಾಶಿ. ಮೇಲಿನವು ಹೊಸವು, ಇನ್ನೂ ಮಿರುಗುತ್ತಿವೆ. ಅಡಿಯಲ್ಲಿರುವವು ಒಣಗಿ ಬೂದುಬಣ್ಣಕ್ಕೆ ತಿರುಗಿವೆ. ಒಂದು ಗಂಡು ದಿನವೂ ಇಲ್ಲಿಗೇ ಬಂದು ಇದೇ ಜಾಗದಲ್ಲಿ ಹಿಕ್ಕೆ ಹಾಕುತ್ತದೆ. ಇದು ಅದರ ಸೀಮೆಯ ಗುರುತು, ಬೇರೆ ಗಂಡು ಬಂದರೆ ವಾಸನೆಯಿಂದಲೇ ತಿಳಿಯಲಿ ಎಂದು. ಪಕ್ಕದಲ್ಲಿ ಸೀಳು ಗೊರಸಿನ ಹೆಜ್ಜೆ, ಮುಂಭಾಗ ಚೂಪು.

ತಲೆಯೆತ್ತಿ. ನೂರು ಮಾರು ದೂರದಲ್ಲಿ ಅದು ನಿಂತಿದೆ. ಬೆನ್ನು ಕಡುಗಪ್ಪು, ಹೊಟ್ಟೆ ಬಿಳುಪು, ಕಣ್ಣಿನ ಸುತ್ತ ಬಿಳಿಯ ಬಳೆ. ತಿರುಚಿದ ಎರಡು ಕೊಂಬು. ಹಿಂದೆ ಕಂದುಬಣ್ಣದ ಹೆಣ್ಣುಗಳು ಹುಲ್ಲಿನಿಂದ ಒಂದೊಂದಾಗಿ ಮುಖ ಎತ್ತುತ್ತವೆ. ಯಾವುದೋ ಒಂದು ನೆಗೆಯುತ್ತದೆ. ಅದನ್ನು ನೋಡಿ ಇನ್ನೊಂದು. ಆಮೇಲೆ ಇಡೀ ಗುಂಪು ಅಲೆಅಲೆಯಾಗಿ ಹುಲ್ಲಿನ ಮೇಲೆ ಹಾಯುತ್ತದೆ. ಹಿಂದೆ ಸೈನೈಡ್ ಗುಡ್ಡ, ಅದರಾಚೆ ಗಣಿಯ ತುಕ್ಕು ಹಿಡಿದ ಹೆಡ್‌ಗೇರ್, ಮುಂದೆ ಕೃಷ್ಣಮೃಗ.

ಕುರಿ ಹೊಡೆದುಕೊಂಡು ಬಂದ ವೃದ್ಧರೊಬ್ಬರು ನಿಮ್ಮನ್ನು ನೋಡಿ ನಿಲ್ಲುತ್ತಾರೆ.

“ಎಲ್ಲಿಗೆ ಹೋಗ್ತವೆ ತಾತ, ಇವು?”

“ಎಲ್ಲಿಗೆ ಹೋದಾವು? ಆ ಕಡೆ ಲೇಔಟು, ಈ ಕಡೆ ರಸ್ತೆ. ಇದೇ ಇವುಕ್ಕೆ ಊರು. ನಾಯಿಗಳ ಕಾಟ ಜಾಸ್ತಿ ಆಗೈತೆ ಸಾಮಿ, ಮರಿ ಉಳಿಯೋದೇ ಕಷ್ಟ.”

ಕೃಷ್ಣಮೃಗ ದಟ್ಟ ಕಾಡಿನಲ್ಲಿ ಬಾಳುವ ಪ್ರಾಣಿಯಲ್ಲ. ಅದರ ಬಲವೆಲ್ಲ ಓಟದಲ್ಲಿದೆ. ದೂರದವರೆಗೆ ಕಣ್ಣು ಹಾಯಬೇಕು, ಓಡಲು ನೆಲ ಬಯಲಾಗಿರಬೇಕು. ಆದ್ದರಿಂದಲೇ ಅದಕ್ಕೆ ಆಪತ್ತು. ಮರಗಳಿರುವ ಜಾಗವನ್ನು ಕಾಡು ಎಂದು ಒಪ್ಪಿಕೊಳ್ಳುವ ನಾವು ಹುಲ್ಲುಬಯಲನ್ನು ಖಾಲಿ ಜಾಗ ಎನ್ನುತ್ತೇವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿ, ಹುಲಿ ಆನೆಗಳ ಸಾಲಿನಲ್ಲಿ ಕೃಷ್ಣಮೃಗಕ್ಕೆ ರಕ್ಷಣೆಯಿದೆ. ಅದು ನಿಂತ ನೆಲಕ್ಕೆ ಇಲ್ಲ.

ಈ ಬಯಲು ಇಷ್ಟು ವರ್ಷ ಉಳಿದದ್ದು ಆಕಸ್ಮಿಕವಾಗಿ. ಜಾಗ ಗಣಿ ಕಂಪನಿಯದು, ಆದ್ದರಿಂದ ಉಳುಮೆಗೆ ಸಿಗಲಿಲ್ಲ. ಗಣಿ ಮುಚ್ಚಿತು, ಮುಂದೇನು ಎಂಬ ತೀರ್ಮಾನ ಎಳೆದಾಡಿತು, ಆದ್ದರಿಂದ ನಿವೇಶನವಾಗಲಿಲ್ಲ. ಮನುಷ್ಯರು ತೀರ್ಮಾನ ಮಾಡದೆ ಬಿಟ್ಟ ಎರಡು ದಶಕಗಳಲ್ಲಿ ಹುಲ್ಲು ಹಬ್ಬಿತು, ಹುಲ್ಲನ್ನು ನಂಬಿ ಜೀವಗಳು ಉಳಿದವು. ಈಗ ತೀರ್ಮಾನದ ಕಾಲ ಬಂದಿದೆ. ಗಣಿಯ ಜಾಗದಲ್ಲಿ ಸುಮಾರು 3,200 ಎಕರೆಯನ್ನು ಕೈಗಾರಿಕಾ ವಲಯ ಮಾಡುವ ಪ್ರಸ್ತಾಪ ಕೆಲವು ವರ್ಷಗಳಿಂದ ಕೇಂದ್ರ ಮತ್ತು ರಾಜ್ಯ ಸರ್ಕಾರಗಳ ನಡುವೆ ಇದೆ. 13 ದಿಬ್ಬಗಳ ಗಸಿಯಲ್ಲಿ ಉಳಿದ ಚಿನ್ನವನ್ನು ಮತ್ತೆ ಸೋಸಿ ತೆಗೆಯುವ ಕೇಂದ್ರದ ಯೋಜನೆಗೆ ರಾಜ್ಯ ಸಚಿವ ಸಂಪುಟ 2024ರ ಜೂನ್‌ನಲ್ಲಿ ಒಪ್ಪಿಗೆ ಕೊಟ್ಟಿದೆ.

ಬೆಳಗಿನ ರೈಲು ನೋಡಿದ ಯಾರೂ ಈ ಊರಿಗೆ ಕೈಗಾರಿಕೆ ಬೇಡ ಎನ್ನಲಾರರು. ಹುಟ್ಟಿದ ಊರಲ್ಲೇ ದುಡಿಮೆ ಸಿಗಲಿ ಎಂದು ಕೇಳುವುದು ಆ ಜನರ ಹಕ್ಕು. ಗಸಿಯ ದಿಬ್ಬಗಳು ಕರಗಿ, ಅವುಗಳ ಧೂಳು ನಿಂತರೆ ಅದೂ ಒಳ್ಳೆಯದೇ. ಇಲ್ಲಿ ಕೇಳಬೇಕಾದ್ದು ಇಷ್ಟೇ: ಆ ನಕ್ಷೆ ಬರೆಯುವಾಗ ಹುಲ್ಲಿಗೆ ಎಷ್ಟು ಎಕರೆ?

ಉತ್ತರ ನಮ್ಮ ರಾಜ್ಯದಲ್ಲೇ ಇದೆ. ತುಮಕೂರು ಜಿಲ್ಲೆಯ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿ ಸುತ್ತಲೂ ಹೊಲಗಳು, ಊರುಗಳು. ನಡುವೆ ಉಳಿದಿದ್ದ 798 ಎಕರೆ ಹುಲ್ಲುಬಯಲನ್ನು 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಲಾಯಿತು. ಇವತ್ತಿಗೂ ಅಲ್ಲಿ ಕೃಷ್ಣಮೃಗಗಳ ಹಿಂಡುಗಳಿವೆ. 798 ಎಕರೆ ಎಂದರೆ 3,200 ಎಕರೆಯ ಕಾಲು ಭಾಗ. ಉಳಿದ ಮುಕ್ಕಾಲು ಭಾಗದಲ್ಲಿ ಕಾರ್ಖಾನೆ ಬರಲಿ, ಕೆಲಸ ಬರಲಿ. ಹಾಗೆ ಮಾಡಲು ಹೊಸ ಕಾನೂನೇನೂ ಬೇಕಿಲ್ಲ. ವನ್ಯಜೀವಿ ಕಾಯ್ದೆಗೆ 2002ರಲ್ಲಿ ಆದ ತಿದ್ದುಪಡಿಯೇ ದಾರಿ ಮಾಡಿಕೊಟ್ಟಿದೆ. ಸರ್ಕಾರದ ಒಡೆತನದ ಜಾಗವನ್ನು ಸ್ಥಳೀಯರ ಜೊತೆ ಸಮಾಲೋಚಿಸಿ ಸಂರಕ್ಷಣಾ ಮೀಸಲು ಎಂದು ಘೋಷಿಸಬಹುದು, ಜಾಗ ಕೇಂದ್ರದ್ದಾದರೆ ಅದರ ಒಪ್ಪಿಗೆ ಪಡೆಯಬೇಕು. ನೋಡಿಕೊಳ್ಳುವ ಸಮಿತಿಯಲ್ಲಿ ಗ್ರಾಮ ಪಂಚಾಯಿತಿಯವರಿಗೂ ಜಾಗವಿದೆ. ಕುರಿ ಕಾಯುವ ತಾತನಂಥವರ ಮಾತು ಅಲ್ಲಿಗೆ ತಲುಪಬಹುದು.

2011ರ ಜನಗಣತಿಯ ಪ್ರಕಾರ ಕೋಲಾರ ಜಿಲ್ಲೆಯಲ್ಲಿ 15 ಲಕ್ಷಕ್ಕೂ ಹೆಚ್ಚು ಜನ. ಚದರ ಕಿಲೋಮೀಟರಿಗೆ ಸುಮಾರು 385, ರಾಜ್ಯದ ಸರಾಸರಿಗಿಂತ ಹೆಚ್ಚು. ಇಷ್ಟು ಜನರಿರುವ ಕಡೆ ಕಾಡಿಗೆ, ಬಯಲಿಗೆ ಜಾಗ ಬಿಡುವುದು ಶ್ರೀಮಂತಿಕೆಯ ಮಾತು ಎಂದು ಹೇಳುವವರಿದ್ದಾರೆ. ನಿನ್ನೆ ಸಂಜೆಯಿಂದ ನೀವು ನೋಡಿದ್ದು ಇದಕ್ಕೆ ತದ್ವಿರುದ್ಧ. ಜನ ವಿರಳವಾದ ನಾಡಿನಲ್ಲಿ ಕಾಡು ತನ್ನಷ್ಟಕ್ಕೆ ಉಳಿಯಬಹುದು. ಜನ ದಟ್ಟವಾದ ಕಡೆ ಹೆಸರಿಟ್ಟು, ಗಡಿ ಹಾಕಿ, ಕಾವಲಿಟ್ಟದ್ದಷ್ಟೇ ಉಳಿಯುತ್ತದೆ, ಮಿಕ್ಕ ನೆಲಕ್ಕೆ ಒಂದಲ್ಲ ಒಂದು ಉಪಯೋಗ ಹುಡುಕಿಕೊಂಡು ಬಂದೇ ಬರುತ್ತದೆ. 2022ರ ಡಿಸೆಂಬರ್‌ನಲ್ಲಿ ಮಾಂಟ್ರಿಯಲ್‌ನಲ್ಲಿ ಸೇರಿದ ರಾಷ್ಟ್ರಗಳು 2030ರೊಳಗೆ ಭೂಮಿಯ ನೂರಕ್ಕೆ ಮೂವತ್ತು ಭಾಗವನ್ನು ಕಾಪಾಡುವ ಗುರಿ ಇಟ್ಟುಕೊಂಡವು, ಭಾರತವೂ ಅದರಲ್ಲಿತ್ತು. ಸುಮಾರು 4,000 ಚದರ ಕಿಲೋಮೀಟರಿನ ಈ ಜಿಲ್ಲೆಯಲ್ಲಿ ಕಮ್ಮಸಂದ್ರದ ಪಾಲು ನೂರಕ್ಕೆ ಎರಡು. ಮೂವತ್ತು ಇಲ್ಲಿ ದೂರದ ಮಾತಿರಬಹುದು. ಆದರೆ ಹನುಮನಹಳ್ಳಿಯ ಮೂವತ್ತು ಎಕರೆ ಹೇಳುತ್ತಿರುವುದು, ಸರಿಯಾದ ಜಾಗದಲ್ಲಿ ಸಕಾಲಕ್ಕೆ ಕಾದ ಚಿಕ್ಕ ತುಂಡೂ ಒಂದು ಜೀವಜಾತಿಯನ್ನು ಉಳಿಸಬಲ್ಲದು ಎಂದು.

ಕಾಮಸಮುದ್ರದ ಕಾಡಂಚಿನ ರೈತರಿಗೆ ಪರಿಹಾರ ತಲುಪಿಸುವ ಕೆಲಸ ಇವತ್ತಿನಿಂದಲೇ ಆಗಬಹುದು. ಮಾರಿಕುಪ್ಪಂ ಬಯಲಿನ ಗಡಿಯನ್ನು ಕೈಗಾರಿಕಾ ನಿವೇಶನಗಳ ನಕ್ಷೆಗಿಂತ ಮೊದಲು ಬರೆಯಬೇಕು. ನಕ್ಷೆಗೆ ಸಹಿ ಬಿದ್ದ ಮೇಲೆ ಹುಲ್ಲಿಗೆ ಜಾಗ ಹುಡುಕಿದರೆ ಸಿಗುವುದಿಲ್ಲ. ನೆಲದಡಿಯಿಂದ 800 ಟನ್ ಚಿನ್ನ ಕೊಟ್ಟ ಈ ಊರಿಗೆ ನಾವು ತಿರುಗಿ ಕೊಟ್ಟದ್ದು ಗಸಿಯ ದಿಬ್ಬಗಳನ್ನು. ಇನ್ನಾದರೂ ಅದಕ್ಕೆ ಕೈತುಂಬ ಕೆಲಸವನ್ನೂ ಎಂಟುನೂರು ಎಕರೆ ಹುಲ್ಲನ್ನೂ ಒಟ್ಟಿಗೆ ಕೊಡೋಣ. ಎರಡಕ್ಕೂ ಇಲ್ಲಿ ಜಾಗವಿದೆ.